ಸ್ವಿಚ್ ತೆಗೆಯುವ ಮೊದಲು

ಸೊಲ್ಲಾಪುರ. ಅಕ್ಕಲಕೋಟೆ ರಸ್ತೆಯಲ್ಲಿ ಟವೆಲ್ ಕಾರ್ಖಾನೆಗಳ ಹಿಂದಿನ ಗಲ್ಲಿ.
ಭಾಗವ್ವತ್ತಿಯ ಮೋಟಾರ್ ವೈಂಡಿಂಗ್ ಅಂಗಡಿ:
ವಾರ್ನಿಷ್ ವಾಸನೆ, ಸುಟ್ಟ ತಾಮ್ರದ ಗುಡ್ಡೆ,
ಗೋಡೆಗೆ ಮೂರು ಭಾಷೆಯಲ್ಲಿ ‘ಉದ್ರಿ ಇಲ್ಲ’.
ಬಿಲ್ ಪುಸ್ತಕದ ಹಾಳೆ ಮಗುಚಿಟ್ಟುಕೊಂಡು ನಾನು
ಡಿಪ್ಲೊಮಾದ ಏಳನೇ ಲೆಕ್ಕ ಬಿಡಿಸುತ್ತಿದ್ದೆ.

ಹನ್ನೆರಡು ವೋಲ್ಟಿನ ಬ್ಯಾಟರಿ, ನಾಲ್ಕು ಓಮಿನ ರೋಧಕ,
ಎರಡು ಹೆನ್ರಿಯ ಸುರುಳಿ.
ಬಹಳ ಹೊತ್ತಿನಿಂದ ಹಾಕಿಯೇ ಇದ್ದ ಸ್ವಿಚ್ಚನ್ನು
ಟಿ ಸೊನ್ನೆಯಾದಾಗ ತಿರುಗಿಸುತ್ತಾರೆ;
ಬ್ಯಾಟರಿ ಹೊರಗೆ, ಅದರ ಜಾಗಕ್ಕೆ ಇನ್ನೊಂದು ಆರು ಓಮ್.
ಆಮೇಲೆ ಕರೆಂಟು ಎಷ್ಟು?

ಮೂಲವೇ ಇಲ್ಲ. ಹಾಗಾದರೆ ಸೊನ್ನೆ.
ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಅತ್ತಿ ಸ್ಟೇಟರಿಗೆ ತಂತಿ ಸುತ್ತುತ್ತಿದ್ದಳು.
ಅವಳ ಎಣಿಕೆ ಮರಾಠಿ, ಬೈಗುಳ ತೆಲುಗು,
ಉಳಿದದ್ದೆಲ್ಲ ಕನ್ನಡ.
ತ್ರೇಚಾಳೀಸ್, ಅಂದವಳು ಬೆರಳನ್ನು ಅಲ್ಲೇ ಒತ್ತಿ ಹಿಡಿದು
“ಏನಾತು?” ಅಂದಳು. ಓದಿ ಹೇಳಿದೆ.
“ಸ್ವಿಚ್ ತೆಗಿಯೂ ಮೊದಲ ಏನಿತ್ತು?”
“ಮೂರು ಆಂಪಿಯರ್.”
“ಮತ್ತ ಆ ಮೂರು ಎಲ್ಲಿ ಹೋದ್ವು?”

ಇನ್ನೊಂದು ಕೈಯ ಹೆಬ್ಬೆರಳು ಚಾಚಿದಳು. ಉಗುರಿನ ಪಕ್ಕ
ಜೋಳದ ಕಾಳಿನಷ್ಟು ಬಿಳಿ ಗುರುತು.
ಹನ್ನೆರಡು ವೋಲ್ಟ್ ಅಲ್ಲೇನು, ಏನು ಮಾಡೀತು ಅಂತ
ಹರಿಯುವಾಗಲೇ ತಂತಿ ಕಿತ್ತ ಹದಿನೆಂಟರ ಹುಡುಗಿ.
“ಸುರುಳಿಗೆ ಹಟ ಇರ್ತದ.
ನಿಂತದ್ದು ಒಮ್ಮೆಲೆ ಓಡಂಗಿಲ್ಲ,
ಓಡೂದು ಒಮ್ಮೆಲೆ ನಿಂದ್ರಂಗಿಲ್ಲ.”

ಹಾಳೆ ಬದಲಿಸಿದೆ.
ಎಲ್ ಡಿಐ ಬೈ ಡಿಟಿ, ಅದಕ್ಕೆ ಆರ್ ಐ ಕೂಡಿಸಿದರೆ ಸೊನ್ನೆ.
ಐ ಇರುವುದೆಲ್ಲ ಎಡಕ್ಕೆ, ಟಿ ಇರುವುದು ಬಲಕ್ಕೆ,
ಅಣ್ಣತಮ್ಮಂದಿರು ಬೇರೆಯಾಗುವಾಗ
ಹೆಸರು ನೋಡಿ ನೋಡಿ ಭಾಂಡೆ ಪಾಲು ಮಾಡಿದಂತೆ.
ಸಮಾಕಲನ ಮಾಡಿದರೆ ಇಲ್ಲಿ ಲಾಗ್, ಅಲ್ಲಿ ಋಣ ಐದು ಟಿ,
ಕೊನೆಗೊಂದು ಸ್ಥಿರಾಂಕ, ಸಿ,
ಎಲ್ಲಿಂದಲೋ ಬಂದು ಕಟ್ಟೆಯ ಮೇಲೆ ಕೂತವನ ಹಾಗೆ.
ಈಚೆ ಕಡೆ ಯಾರಿಗೂ ಅವನ ಗುರುತಿಲ್ಲ.
ಸ್ವಿಚ್ಚಿನ ಆಚೆಗೆ ಹೋಗಿ ಕೇಳಿದೆ.
ಮೂರು, ಅಂದ.

ಮೂರು ಗುಣಿಸು ಇ ಘಾತ ಋಣ ಐದು ಟಿ.
ಸೆಕೆಂಡಿನ ಐದನೇ ಒಂದು ಪಾಲಿಗೆ ನೂರಕ್ಕೆ ಮೂವತ್ತೇಳು ಉಳಿಯುತ್ತದೆ,
ಮತ್ತೊಂದು ಪಾಲಿಗೆ ಅದರಲ್ಲಿ ಮತ್ತೆ ಮೂವತ್ತೇಳು.
ಸೆಕೆಂಡು ತುಂಬುವಾಗ ನೂರಕ್ಕೆ ಒಂದೂ ಇಲ್ಲ;
ಮುಗಿಯಿತು, ಅನ್ನುತ್ತಾರೆ ಸರ್.
ಲೆಕ್ಕ ಹಾಗನ್ನುವುದಿಲ್ಲ.

ಗಿರಣಿ ಮುಚ್ಚಿದ ಮರುದಿನ ಭೋಂಗಾ ಕೂಗಲಿಲ್ಲವಂತೆ.
ಆದರೂ ಏಳಕ್ಕೆ ಗೇಟಿನ ಮುಂದೆ ಇಡೀ ಪಾಳಿಯೇ, ಡಬ್ಬಿ ಹಿಡಿದು.
ವಾರದ ಮೇಲೆ ಅಷ್ಟಿಲ್ಲ. ದೀಪಾವಳಿ ಹೊತ್ತಿಗೆ ಐದಾರು ಮಂದಿ.
ಅಜ್ಜನಿಗೆ ಎಷ್ಟು ದಿನ ರೊಟ್ಟಿ ಕಟ್ಟಿದಿ ಅಂದರೆ
ಅಜ್ಜಿ ಬೆರಳು ಎಣಿಸತೊಡಗಿ
ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾಳೆ.

ಇನ್ನೂ ಒಂದು ಪ್ರಶ್ನೆ ಬಾಕಿ ಇತ್ತು:
ತಿರುಗಿಸಿದ ಆ ಕ್ಷಣ, ಸುರುಳಿಯ ಎರಡು ತುದಿಗಳ ನಡುವೆ?
ಮೂರು ಆಂಪಿಯರ್, ಹತ್ತು ಓಮ್.
ಮೂವತ್ತು ವೋಲ್ಟ್.
ಹನ್ನೆರಡರ ಬ್ಯಾಟರಿ, ಅದೂ ಇಲ್ಲದಾದ ಮೇಲೆ, ಮೂವತ್ತು!
ತಪ್ಪಿರಬೇಕೆಂದು ಮೊದಲಿನಿಂದ ಮಾಡಿದೆ. ಮತ್ತೆ ಮೂವತ್ತೇ.
ಅತ್ತಿ ಹೆಬ್ಬೆರಳಿನ ಗುರುತು ಒಮ್ಮೆ ನೋಡಿಕೊಂಡು
“ಈಗ ಬರೋಬರಿ ಬಂತು” ಅಂದಳು,
ಒತ್ತಿ ಹಿಡಿದ ಬೆರಳು ಸಡಿಲಿಸಿ: ಚವ್ವೇಚಾಳೀಸ್.

ಸಂಜೆ ನರಸಯ್ಯ ಯೆಮುಲ್ ಮೋಟಾರು ಒಯ್ಯಲು ಬಂದ.
ಅದೇ ಹಾಳೆಯ ಮುಂಬದಿಗೆ ಎಂಟುನೂರೈವತ್ತು ಬರೆದು
ಹರಿದು ಕೊಟ್ಟುಬಿಟ್ಟಳು.
ನನ್ನ ಉತ್ತರ ಅವನ ಅಂಗಿಯ ಕಿಸೆಯಲ್ಲಿ ಮಡಚಿಕೊಂಡು
ಸೈಕಲ್ಲಿನ ಮೇಲೆ ಹೋಯಿತು.
ಗಲ್ಲಿಯ ತಿರುವಿನ ತನಕ ಪೆಡಲ್ ತುಳಿದ;
ಆಮೇಲೆ ಇಳಿಜಾರು, ಕಾಲು ನಿಲ್ಲಿಸಿದ.